ಫೆಲೋಶಿಪ್‌ಗೆ ಮೊದಲು ಸಂಶೋಧನೆ: ಪಿ.ಜಿ. ವೈದ್ಯರಿಗೆ ಪಾವಗಡ, ಮಧುಗಿರಿ ಅಷ್ಟು ದೂರವೇ?

ಎಂ.ಡಿ. ಅಥವಾ ಎಂ.ಎಸ್. ಮುಗಿದರೆ ವೈದ್ಯರ ಓದು ಮುಗಿಯಿತು ಎನ್ನುವ ಕಾಲ ಹೋಗಿದೆ. ನಮ್ಮ ಸಮಾಜದ ಮನೆಗಳಲ್ಲಿಯೂ ವೈದ್ಯ ಮಕ್ಕಳಿಗೆ ಈಗ ಎದುರಾಗುವ ಪ್ರಶ್ನೆ, ಮುಂದೆ ಯಾವ ಸೂಪರ್ ಸ್ಪೆಷಾಲಿಟಿ ಎಂಬುದೇ. ಹೃದ್ರೋಗವೋ, ಮೂತ್ರಪಿಂಡವೋ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯೋ ಎಂದು ಮನೆಯವರು ಚರ್ಚಿಸುತ್ತಿರುವಾಗ ಆ ವಿದ್ಯಾರ್ಥಿಯ ತಲೆಯಲ್ಲಿ ಇನ್ನೊಂದು ಚಿಂತೆ ಓಡುತ್ತಿರುತ್ತದೆ: ಅರ್ಜಿಯಲ್ಲಿ ತೋರಿಸಲು ಒಂದೆರಡು ಸಂಶೋಧನಾ ಲೇಖನಗಳು ಬೇಕು, ಅವನ್ನು ಎಲ್ಲಿಂದ ತರುವುದು?

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ಡಿ.ಎಂ., ಎಂ.ಸಿಎಚ್. ಸೀಟುಗಳ ದೊಡ್ಡ ಪಾಲು ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆಯ ಮೂಲಕ ತುಂಬುತ್ತದೆ. ಅಲ್ಲಿ ಅಂಕವೊಂದೇ ಲೆಕ್ಕ. ಹತ್ತು ಲೇಖನ ಬರೆದವರಿಗೂ ಒಂದನ್ನೂ ಬರೆಯದವರಿಗೂ ಕೌನ್ಸೆಲಿಂಗ್‌ನಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ "ಸಂಶೋಧನೆ ಯಾಕೆ, ಪ್ರಶ್ನೋತ್ತರ ಉರು ಹೊಡೆದರೆ ಸಾಕು" ಎಂಬ ಸೀನಿಯರ್‌ಗಳ ಉಪದೇಶ ಪೂರ್ತಿ ಸುಳ್ಳೇನಲ್ಲ.

ಆದರೆ ಆ ಉಪದೇಶ ಅರ್ಧ ದಾರಿಯದು. ಏಮ್ಸ್, ಜಿಪ್ಮರ್, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ಸಂಸ್ಥೆಗಳ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯ ನಂತರ ವಿಭಾಗದವರೇ ನಡೆಸುವ ಎರಡನೇ ಹಂತವಿದೆ. ಅಲ್ಲಿ ಎದುರು ಕುಳಿತ ಪ್ರಾಧ್ಯಾಪಕರು "ನಿಮ್ಮ ಥೀಸಿಸ್ ಯಾವುದರ ಮೇಲೆ?" ಎಂದು ಕೇಳಿದರೆ ಉತ್ತರಕ್ಕೆ ಜೀವ ಇರಬೇಕು. ಸಂದರ್ಶನದಿಂದಲೇ ಆಯ್ಕೆಯಾಗುವ ಒಂದು, ಒಂದೂವರೆ ವರ್ಷದ ಫೆಲೋಶಿಪ್‌ಗಳಲ್ಲಿಯೂ ಇದೇ ಮಾತು. ಇನ್ನು ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುತ್ತಿರುವ ಕನ್ನಡದ ಮಕ್ಕಳ ಕಥೆ ಬೇರೆಯೇ. ಅಲ್ಲಿ ಇಂಟರ್ನಲ್ ಮೆಡಿಸಿನ್ ಮೂರು ವರ್ಷ. ಎರಡನೇ ವರ್ಷ ಮುಗಿಯುತ್ತಿದ್ದಂತೆ ಜುಲೈನಲ್ಲಿ ಫೆಲೋಶಿಪ್ ಅರ್ಜಿ ಹೋಗಬೇಕು. 2022ರ ಜನವರಿಯಿಂದ ಯು.ಎಸ್.ಎಂ.ಎಲ್.ಇ.ಯ ಮೊದಲ ಹಂತಕ್ಕೆ ಅಂಕಗಳಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಅಂಕ ಹೋದ ಜಾಗಕ್ಕೆ ಸಂಶೋಧನೆಯ ಪಟ್ಟಿ ಬಂದು ಕುಳಿತಿದೆ. ಸಣ್ಣ ಊರಿನ ಸಮುದಾಯ ಆಸ್ಪತ್ರೆಗಳಲ್ಲಿ ಸೀಟು ಪಡೆದವರಿಗೆ ಪ್ರಯೋಗಾಲಯವೂ ಇಲ್ಲ, ಬರೆಯುವ ಪ್ರಾಧ್ಯಾಪಕರೂ ಕಡಿಮೆ.

ಅಲ್ಲಾಗಲಿ ಇಲ್ಲಾಗಲಿ ಈ ಒತ್ತಡದಿಂದ ಹುಟ್ಟಿದ ಒಂದು ಕೆಟ್ಟ ಪೇಟೆ ಇದೆ. ಹಣ ಕೊಟ್ಟರೆ ಲೇಖಕರ ಪಟ್ಟಿಯಲ್ಲಿ ಹೆಸರು ಸೇರಿಸುವ ವಾಟ್ಸ್‌ಆ್ಯಪ್ ಸಂದೇಶಗಳು, ವಾರದೊಳಗೆ ಪ್ರಕಟಿಸಿಕೊಡುವ ಪತ್ರಿಕೆಗಳು. ಲೇಖಕ ಎನಿಸಿಕೊಳ್ಳಲು ಕೆಲಸದಲ್ಲಿ ಪಾಲಿರಬೇಕು, ಬರವಣಿಗೆಯಲ್ಲಿ ಪಾಲಿರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಬರೆದದ್ದಕ್ಕೆಲ್ಲ ಹೊಣೆ ಹೊರಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಈ ನಾಲ್ಕು ಷರತ್ತುಗಳೂ ಒಟ್ಟಿಗೆ ಪೂರೈಸಬೇಕಾದವು. ಕೊಂಡ ಹೆಸರಿಗೆ ಇವುಗಳಲ್ಲಿ ಒಂದೂ ದಕ್ಕುವುದಿಲ್ಲ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ ಎಂಬುದನ್ನು ಪೋಷಕರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಆ ಹಣ ಹೋಗುವುದು ಅವರ ಕಿಸೆಯಿಂದ.

ಹೀಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಬಾಗಿಲು ತಟ್ಟುವ ವಿದ್ಯಾರ್ಥಿಗೆ ನಿಯಮವೇ ಒಂದು ಅವಕಾಶವನ್ನು ಕೊಟ್ಟಿದೆ. ಅದು ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ. 2020ರ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆಯಾದ ಈ ನಿಯಮದಂತೆ 2021ರ ಬ್ಯಾಚಿನಿಂದ ಎಲ್ಲ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲೆಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಮೊದಲು 100 ಹಾಸಿಗೆಯ ಆಸ್ಪತ್ರೆ ಬೇಕೆಂದಿತ್ತು. 2023ರ ನಿಯಮಾವಳಿ ಅದನ್ನು 50ಕ್ಕೆ ಇಳಿಸಿತು. ಅಂದರೆ ಜಿಲ್ಲಾ ಕೇಂದ್ರ ದಾಟಿ ತಾಲ್ಲೂಕು ಆಸ್ಪತ್ರೆಯ ಕಡೆಗೂ ದಾರಿ ಅಗಲವಾಗಿದೆ.

ಈ ಮೂರು ತಿಂಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಹೇಗೆ ನೋಡುತ್ತಾರೆ ಎಂಬುದು ಗುಟ್ಟಲ್ಲ. ಹಾಜರಿ ಹಾಕಿ ನೀಟ್‌ಗೆ ಓದುವ ಬಿಡುವು ಅದು. ತಪ್ಪು ಅವರದಷ್ಟೇ ಅಲ್ಲ, ವ್ಯವಸ್ಥೆಯ ಕಾಲಕ್ರಮವೂ ಹಾಗಿದೆ. ಥೀಸಿಸ್‌ನ ಸಿನಾಪ್ಸಿಸ್ ಮೊದಲ ವರ್ಷದಲ್ಲೇ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತದೆ. ಜಿಲ್ಲೆಯ ಮುಖ ಕಾಣುವುದು ಎರಡನೇ ವರ್ಷದಲ್ಲಿ. ಪ್ರಶ್ನೆ ಕಣ್ಣೆದುರು ಬರುವ ಹೊತ್ತಿಗೆ ಉತ್ತರ ಪತ್ರಿಕೆ ಕೊಟ್ಟು ಬಂದಂತಾಗಿರುತ್ತದೆ! ಈ ಒಂದು ತೊಡಕನ್ನು ಬಿಡಿಸಿಕೊಂಡರೆ ಮಿಕ್ಕದ್ದು ಸಲೀಸು ಎಂಬುದು ಈ ಲೇಖನದ ಅಭಿಪ್ರಾಯ. ತುಮಕೂರು ಜಿಲ್ಲೆಯ ಉತ್ತರ, ಪೂರ್ವದ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಯಾಗಿ ನೋಡೋಣ.

ಪಾವಗಡದಿಂದ ಆರಂಭಿಸಬೇಕು. ಬಹುಪಾಲು ಆಂಧ್ರದಿಂದ ಸುತ್ತುವರಿದ, ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರಿನಷ್ಟು ದೂರದ ಈ ತಾಲ್ಲೂಕಿಗೆ ಹೊರಗಿನವರು ಕೊಟ್ಟ ಗುರುತು ಈಚಿನವರೆಗೆ ಎರಡೇ: ಬರ ಮತ್ತು ಫ್ಲೋರೈಡ್. ಈಗ ಸೋಲಾರ್ ಪಾರ್ಕ್ ಸೇರಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಕೊಳವೆಬಾವಿ ಆಳಕ್ಕೆ ಹೋದಂತೆ ಈ ಭಾಗದ ಅನೇಕ ಹಳ್ಳಿಗಳ ನೀರು ಆ ಗೆರೆ ದಾಟಿದ್ದು ಹಳೆಯ ಸಂಗತಿ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ, ದೊಡ್ಡವರ ಬಿಗಿದ ಬೆನ್ನು, ಬಗ್ಗದ ಮಂಡಿಗಳನ್ನು ಅಲ್ಲಿಯ ಜನ ಹಣೆಬರಹವೆಂದೇ ಒಪ್ಪಿಕೊಂಡಿದ್ದರು. ಮಧುಗಿರಿ, ಶಿರಾ ತಾಲ್ಲೂಕುಗಳ ಹಳ್ಳಿಗಳಿಗೂ ಈ ನೀರಿನ ಕಷ್ಟ ಹೊಸದಲ್ಲ.

2025ರ ಜುಲೈನಲ್ಲಿ ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆ ಲೋಕಾರ್ಪಣೆಯಾಯಿತು. ರಾಜಕೀಯದವರಿಗೆ ಇದು ಭರವಸೆ ಈಡೇರಿಸಿದ ಸಮಾರಂಭ. ಸಂಶೋಧನೆಯ ಕಣ್ಣಿಗೆ ಇದು ಮತ್ತೆ ಸಿಗದ ಸಂದರ್ಭ. ನೀರು ಬದಲಾದರೆ ಮೂತ್ರದಲ್ಲಿನ ಫ್ಲೋರೈಡ್ ಬೇಗನೆ ಇಳಿಯಲಾರಂಭಿಸುತ್ತದೆ. ಮೂಳೆಯೊಳಗೆ ಸೇರಿದ್ದು ಹೊರಬರಲು ವರ್ಷಗಳು ಬೇಕು. ಹಲ್ಲಿನ ಮಾತು ಇನ್ನೂ ವಿಚಿತ್ರ. ಮಗುವಿನ ಶಾಶ್ವತ ಹಲ್ಲುಗಳ ಮೇಲ್ಪದರ ಒಸಡಿನೊಳಗೆ ರೂಪುಗೊಳ್ಳುವುದು ಮೊದಲ ಏಳೆಂಟು ವರ್ಷಗಳಲ್ಲಿ. ಹೊಸ ನೀರಿನಲ್ಲಿ ಹುಟ್ಟಿದ ಕೂಸುಗಳ ಹಲ್ಲು ಹೊಳೆಯುತ್ತದೆಯೇ ಎಂದು ತಿಳಿಯಲು ಆ ಕೂಸು ಮೂರನೇ ನಾಲ್ಕನೇ ತರಗತಿಗೆ ಬರುವವರೆಗೆ ಕಾಯಬೇಕು. ಇಂದು ಯಾರಾದರೂ ಆಧಾರ ಅಳತೆಯನ್ನು ದಾಖಲಿಸಿ ಇಡದಿದ್ದರೆ, ಹತ್ತು ವರ್ಷದ ನಂತರ ಯೋಜನೆಯಿಂದ ಆರೋಗ್ಯ ಸುಧಾರಿಸಿತೇ ಎಂಬ ಪ್ರಶ್ನೆಗೆ ಭಾಷಣಗಳಷ್ಟೇ ಉತ್ತರ ಹೇಳಬೇಕಾದೀತು.

ಇದರಲ್ಲಿ ಒಬ್ಬ ಪಿ.ಜಿ. ವಿದ್ಯಾರ್ಥಿಯ ಅಳವಿಗೆ ಸಿಗುವ ತುಣುಕುಗಳು ಹಲವು. ಜನ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತಂದು, ಅನ್ನ ಸಾರಿಗೆ ಕೊಳವೆಬಾವಿ ನೀರನ್ನೇ ಬಳಸಿದರೆ ಫ್ಲೋರೈಡ್ ಎಷ್ಟು ಒಳಹೋಗುತ್ತದೆ ಎಂಬುದೊಂದೇ ಒಳ್ಳೆಯ ಥೀಸಿಸ್. ಮುಂದೆ ಎಂಡೋಕ್ರೈನಾಲಜಿ ಬಯಸುವ ಮೆಡಿಸಿನ್ ವಿದ್ಯಾರ್ಥಿಗೆ, ಬೆನ್ನುಮೂಳೆಯ ಫೆಲೋಶಿಪ್ ಬಯಸುವ ಮೂಳೆ ತಜ್ಞನಿಗೆ, ರೇಡಿಯಾಲಜಿಯವರಿಗೆ, ಮಕ್ಕಳ ವೈದ್ಯರಿಗೆ ಪ್ರತ್ಯೇಕ ಪ್ರಶ್ನೆಗಳಿವೆ.

ಎರಡನೆಯದು ಹಾವು ಕಡಿತ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ, 2030ರ ಹೊತ್ತಿಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. ಕಡಲೆಕಾಯಿ ಹೊಲ, ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ಕೊಳಕುಮಂಡಲದಿಂದ ಮೂತ್ರಪಿಂಡ ಕೆಡುವುದು ನೆಫ್ರಾಲಜಿ ಬಯಸುವವರ ನೇರ ವಿಷಯ. ನಾವು ಕೊಡುವ ಪ್ರತಿವಿಷ ಹೆಚ್ಚಾಗಿ ತಮಿಳುನಾಡಿನಲ್ಲಿ ಸಂಗ್ರಹಿಸಿದ ವಿಷದಿಂದ ತಯಾರಾದದ್ದು. ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ ಎಂದು ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾಗಾದರೆ ಮಧುಗಿರಿಯ ಆಸ್ಪತ್ರೆಯಲ್ಲಿ ಎಷ್ಟು ವಯಲ್ ಬೇಕಾಗುತ್ತಿದೆ, ಕಡಿದ ಎಷ್ಟು ಹೊತ್ತಿಗೆ ರೋಗಿ ತಲುಪುತ್ತಾನೆ, ಎಷ್ಟು ಮಂದಿಯನ್ನು ತುಮಕೂರಿಗೆ ಕಳುಹಿಸಬೇಕಾಗುತ್ತದೆ? ಇದಕ್ಕೆ ಕೋಟಿಯ ಯಂತ್ರ ಬೇಡ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆಯನ್ನು ಶ್ರದ್ಧೆಯಿಂದ ಬರೆದಿಟ್ಟರೆ ಸಾಕು.

ಶಿರಾಕ್ಕೆ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳಿವೆ. ಕೊರಟಗೆರೆ ತುಮಕೂರಿಗೆ ಹತ್ತಿರ. ಅಲ್ಲಿ ಯಾವ ರೋಗಿ ತಾಲ್ಲೂಕು ಆಸ್ಪತ್ರೆಗೆ ಬರುತ್ತಾನೆ, ಯಾರು ಅದನ್ನು ದಾಟಿ ನೇರ ಊರು ಬಿಡುತ್ತಾರೆ ಎಂಬುದೇ ಅಧ್ಯಯನಕ್ಕೆ ಯೋಗ್ಯ.

ತಾಲ್ಲೂಕು ಆಸ್ಪತ್ರೆಯಿಂದ ಬಂದ ಸಂಶೋಧನೆಯನ್ನು ಯಾರು ಮೂಸಿ ನೋಡುತ್ತಾರೆ ಎಂದು ಕೇಳುವವರಿಗೆ ಎರಡು ಹೆಸರು ಹೇಳಬಹುದು. ಫ್ಲೋರೈಡ್‌ನಿಂದ ಮೂಳೆ ಕೆಡುವುದನ್ನು ಭಾರತದಲ್ಲಿ ಮೊದಲು ದಾಖಲಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ರೋಗಿಗಳಿಂದ. ಇನ್ನೊಂದು, ಮಹಾರಾಷ್ಟ್ರದ ಡಾ. ಹಿಮ್ಮತರಾವ್ ಬಾವಸ್ಕರ್ ಅವರದು. ಕೊಂಕಣದ ಬಿರವಾಡಿ ಎಂಬ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಂಪು ಚೇಳು ಕುಟುಕಿದವರ ಹಾಸಿಗೆಯ ಪಕ್ಕ ಕುಳಿತು ಲಕ್ಷಣಗಳನ್ನು ಗಂಟೆಗಂಟೆಗೂ ಬರೆದಿಟ್ಟ ಅವರ ಲೇಖನ 1982ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಆ ಸಾವುಗಳನ್ನು ತಗ್ಗಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮತ್ತೆ ಕಾಲಕ್ರಮದ ತೊಡಕಿಗೆ ಬರೋಣ. ಸಿನಾಪ್ಸಿಸ್ ಕೊಡುವ ಮುನ್ನವೇ ವಿದ್ಯಾರ್ಥಿ ಒಂದು ಭಾನುವಾರ ಬಸ್ ಹತ್ತಿ ಮಧುಗಿರಿಗೋ ಪಾವಗಡಕ್ಕೋ ಹೋಗಿ ಅಲ್ಲಿಯ ವೈದ್ಯರನ್ನು ಮಾತನಾಡಿಸಿ ಬರಬೇಕು. ಥೀಸಿಸ್ ಆಗಲೇ ನಿಗದಿಯಾಗಿದ್ದರೆ ಬೇಸರವಿಲ್ಲ, ಮೂರು ತಿಂಗಳಿಗೆ ತಕ್ಕ ಸಣ್ಣ ಎರಡನೇ ಅಧ್ಯಯನ ಇಟ್ಟುಕೊಳ್ಳಬಹುದು. ಆದರೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಯ ಅನುಮತಿ ಹೊರಡುವ ಮೊದಲೇ ಕೈಯಲ್ಲಿರಬೇಕು, ಹೋದ ಮೇಲೆ ಅರ್ಜಿ ಹಾಕಿದರೆ ಪೋಸ್ಟಿಂಗ್ ಮುಗಿದ ಮೇಲೆ ಉತ್ತರ ಬರುತ್ತದೆ. ಹಳೆಯ ಕೇಸ್ ಷೀಟ್‌ಗಳನ್ನಷ್ಟೇ ನೋಡುವುದಾದರೂ ಸಮಿತಿಗೆ ಹೋಗಲೇಬೇಕು. ವಿನಾಯಿತಿ ಕೊಡುವ ಅಧಿಕಾರ ಸಮಿತಿಯದು, ವಿದ್ಯಾರ್ಥಿಯದಲ್ಲ. ಚಿಕಿತ್ಸೆಯನ್ನು ಹೋಲಿಸುವ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನ ಸಿ.ಟಿ.ಆರ್.ಐ. ನೋಂದಣಿ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ರೋಗಿಯನ್ನು ನೋಡಿದ ವೈದ್ಯರ ಹೆಸರನ್ನು ಲೇಖನದಲ್ಲಿ ಬಿಡುವ ಚಾಳಿ ನಮ್ಮಲ್ಲಿದೆ. ಕೆಲಸದಲ್ಲಿ, ಬರವಣಿಗೆಯಲ್ಲಿ ಅವರನ್ನೂ ಮೊದಲಿನಿಂದ ಸೇರಿಸಿಕೊಂಡರೆ ದಾಖಲೆಗಳ ಬೀರು ತಾನಾಗಿ ತೆರೆಯುತ್ತದೆ.

ಒಂದು ಕಷ್ಟಕ್ಕೆ ಸುಲಭ ಪರಿಹಾರವಿಲ್ಲ. ಪಾವಗಡದ ರೋಗಿಗಳಲ್ಲಿ ಅನೇಕರು ಹೆಚ್ಚಿನ ಚಿಕಿತ್ಸೆಗೆ ಹಿಂದೂಪುರ, ಅನಂತಪುರದ ಕಡೆ ಹೋಗುತ್ತಾರೆ. ಅವರ ಮುಂದಿನ ಕಥೆ ನಮ್ಮ ದಾಖಲೆಗೆ ಸಿಗುವುದಿಲ್ಲ. ಫೋನ್ ಮಾಡಿ ವಿಚಾರಿಸುವ ಯೋಜನೆಯನ್ನು ಸಿನಾಪ್ಸಿಸ್‌ನಲ್ಲೇ ಬರೆದುಕೊಳ್ಳಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲಷ್ಟೇ ಅಲ್ಲದೆ ತೆಲುಗಿನಲ್ಲಿಯೂ ಇರಬೇಕು.

ಆ ಹಳ್ಳಿಗಳಲ್ಲಿ ಹಲ್ಲು ನೋಡಿ, ನೀರು ತುಂಬಿಕೊಂಡು ಹೋದವರು ಮೊದಲೂ ಇದ್ದರು. ಅಳೆದುಕೊಂಡು ಹೋದವರು ತಿರುಗಿ ಬಂದು ಫಲಿತಾಂಶ ಹೇಳದಿದ್ದರೆ ಮುಂದೆ ಬರುವವರಿಗೆ ಬಾಗಿಲು ಮುಚ್ಚುತ್ತದೆ. ಪ್ರತಿ ಮನೆಗೂ ಅವರ ನೀರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಖರ್ಚೇನೂ ಇಲ್ಲ.

ಖರ್ಚಿನ ಮಾತು ಬಂದದ್ದರಿಂದ ಇನ್ನೊಂದು. ಸ್ನಾತಕೋತ್ತರ ಥೀಸಿಸ್‌ಗೆ ಐ.ಸಿ.ಎಂ.ಆರ್. ಧನಸಹಾಯ ಯೋಜನೆ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸಂಶೋಧನೆಗೆ ಅನುದಾನ ಕೊಡುತ್ತದೆ. ಎರಡಕ್ಕೂ ಸ್ಪರ್ಧೆ ಹೆಚ್ಚು, ಹಣ ಕೈಸೇರುವುದು ತಡ. ಮೂತ್ರದ ಮಾದರಿಗಳ ಪರೀಕ್ಷೆ, ಪಾವಗಡಕ್ಕೆ ಓಡಾಟ, ಮುದ್ರಣ ಇಷ್ಟಕ್ಕೆ ಬೇಕಾಗುವುದು ಒಂದು ಸೆಮಿಸ್ಟರಿನ ಖಾಸಗಿ ಪಿ.ಜಿ. ಶುಲ್ಕದ ಮುಂದೆ ಲೆಕ್ಕಕ್ಕೇ ಬಾರದ ಮೊತ್ತ. ವಿದ್ಯಾರ್ಥಿವೇತನ ಹಂಚುವ ನಮ್ಮ ಸಮಾಜದ ಟ್ರಸ್ಟ್‌ಗಳು ಎಂ.ಬಿ.ಬಿ.ಎಸ್. ಶುಲ್ಕದ ಜೊತೆಗೆ ಇಂತಹ ಒಂದೆರಡು ಅಧ್ಯಯನಗಳಿಗೂ ನೆರವು ಇಟ್ಟರೆ, ಅರ್ಜಿಯೊಂದಿಗೆ ನೈತಿಕ ಸಮಿತಿಯ ಒಪ್ಪಿಗೆ ಪತ್ರದ ಪ್ರತಿ ಮತ್ತು ಗೈಡ್ ಸಹಿಯನ್ನು ಕಡ್ಡಾಯವಾಗಿ ಕೇಳಬೇಕು. ಈ ವರ್ಷ ಸೇರುವ ಬ್ಯಾಚಿನವರು ಸಿನಾಪ್ಸಿಸ್ ಬರೆಯಲು ಕೂರುವ ಮುನ್ನ ಆ ಪ್ರಕಟಣೆ ಹೊರಬರಬೇಕು.