ಕಚೇರಿಯೊಳಗಿನ ಹಿತ್ತಲು

ಚೀನಾದ ನಗರಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವರಿಗೆ ಅಲ್ಲಿನ ಮಾತಿನಲ್ಲಿ ‘ಬಾಯ್‌ಲಿಂಗ್’ ಎನ್ನುತ್ತಾರೆ. ಬಿಳಿ ಕಾಲರಿನವರು ಎಂದರ್ಥ. 2008ರಲ್ಲಿ ಇವರಿಗಾಗಿಯೇ ಹುಟ್ಟಿದಂತೆ ಬಂದ ಜಾಲತಾಣ ಕೈಶಿನ್. ಹೆಸರಿನ ಅರ್ಥವೇ ‘ಖುಷಿ’. ಅದನ್ನು ಬೀಜಿಂಗ್‌ನಲ್ಲಿ ಕಟ್ಟಿದವರು ಹಿಂದೆ ಸೀನಾ ಕಂಪನಿಯಲ್ಲಿದ್ದ ಚೆಂಗ್ ಬಿಂಗ್‌ಹಾವ್. ಆಗ ಕಾಲೇಜು ಹುಡುಗರಿಗೆ ಬೇರೆ ತಾಣವಿತ್ತು, ಕಾರ್ಖಾನೆಗಳ ಯುವಕರಿಗೆ ಕ್ಯೂಕ್ಯೂ ಎಂಬ ಸಂದೇಶ ಸೇವೆ ಇತ್ತು. ಕಚೇರಿಯವರು ಬಳಸುತ್ತಿದ್ದ ಸಂದೇಶ ಸೇವೆ ಎಂಎಸ್‌ಎನ್. ಆ ಎಂಎಸ್‌ಎನ್ ಗೆಳೆಯರ ಪಟ್ಟಿಯ ಜಾಡು ಹಿಡಿದೇ ಕೈಶಿನ್‌ನ ಆಹ್ವಾನಗಳು ಕಚೇರಿಯಿಂದ ಕಚೇರಿಗೆ ಹಬ್ಬಿದವು.

ಅಲ್ಲಿ ಜನ ಮಾಡುತ್ತಿದ್ದುದು ಮುಖ್ಯವಾಗಿ ಆಟ. ಗೆಳೆಯರ ಜಾಗದಲ್ಲಿ ಕಾರು ನಿಲ್ಲಿಸಿ ಸಿಕ್ಕಿಬೀಳದೆ ಪಾರಾಗುವುದು ಒಂದು; ತರಕಾರಿ ಕದಿಯುವುದು ಇನ್ನೊಂದು. ಶಾಂಘೈನ ಸಣ್ಣ ಕಂಪನಿಯೊಂದು ತಯಾರಿಸಿದ ಹೊಲದ ಆಟದಿಂದ ಶುರುವಾದ ಈ ಹುಚ್ಚು ಬೇಗನೆ ಎಲ್ಲ ತಾಣಗಳಿಗೂ ಹತ್ತಿಕೊಂಡಿತು. ಪರದೆಯ ಮೇಲೆ ನಾಲ್ಕಾರು ಮಡಿ. ಮೂಲಂಗಿ ಬಿತ್ತಿ ನೀರು ಹಾಕಿದರೆ ಇಷ್ಟು ಗಂಟೆಗೆ ಬೆಳೆ ಎಂದು ಲೆಕ್ಕ. ಬೆಳೆದ ಗಳಿಗೆಯಲ್ಲಿ ಒಡೆಯ ಅಲ್ಲಿರದಿದ್ದರೆ ಗೆಳೆಯರು ನುಗ್ಗಿ ಒಂದಷ್ಟನ್ನು ಕಿತ್ತುಕೊಂಡು ಹೋಗುತ್ತಿದ್ದರು. ಅದಕ್ಕಾಗಿ ಜನ ನಡುರಾತ್ರಿ ಅಲಾರಂ ಇಟ್ಟು ಏಳುತ್ತಿದ್ದರು. ಬೆಳಗ್ಗೆ ಕಚೇರಿಗೆ ಬಂದಾಗ ಪಕ್ಕದ ಮೇಜಿನವರೊಂದಿಗೆ ಮೊದಲ ಮಾತು ಕಳುವಾದ ಮೂಲಂಗಿಯದು. ಕೆಲಸ ಕೆಡುತ್ತಿದೆ ಎಂದು ಕಂಪನಿಗಳು ತಾಣವನ್ನೇ ತಡೆಹಿಡಿದದ್ದೂ ಉಂಟು.

ಇದನ್ನು ಬರೀ ಕಾಲಹರಣ ಎಂದು ತಳ್ಳಿಹಾಕಿದರೆ ಒಂದು ದೊಡ್ಡ ಸಂಗತಿ ಕಣ್ಣಿಗೆ ಬೀಳದೆ ಹೋಗುತ್ತದೆ. ಈ ನೌಕರರ ತಂದೆತಾಯಿ ‘ದಾನ್‌ವೇ’ ಎಂಬ ಕೆಲಸದ ಘಟಕಗಳಲ್ಲಿ ಬಾಳಿದವರು. ಮನೆ, ಆಸ್ಪತ್ರೆ, ಮಕ್ಕಳ ಶಾಲೆ, ಊಟದ ಮನೆ ಎಲ್ಲವೂ ಅದೇ ಆವರಣದಲ್ಲಿ. ಜೊತೆಗೆ ಕೆಲಸ ಮಾಡುವವರೇ ಪಕ್ಕದ ಮನೆಯವರು. 1998ರಲ್ಲಿ ಸರ್ಕಾರ ಘಟಕಗಳ ಮೂಲಕ ಮನೆ ಹಂಚುವುದನ್ನು ನಿಲ್ಲಿಸಿದ ಮೇಲೆ ಆ ನೆರೆಹೊರೆ ಕರಗತೊಡಗಿತು. ಇನ್ನು 2008ರ ಹೊತ್ತಿಗೆ ಕಚೇರಿ ಸೇರಿದ್ದ ನಗರದ ಯುವಜನರಲ್ಲಿ ಬಹಳಷ್ಟು ಮಂದಿ ಒಂದೇ ಮಗುವಿನ ನೀತಿ ಬಂದ ಮೇಲೆ ಹುಟ್ಟಿದವರು, ಒಡಹುಟ್ಟು ಇಲ್ಲದವರು. ಹುಟ್ಟೂರು ಬಿಟ್ಟು ಬಂದು, ಬಾಡಿಗೆ ಕೋಣೆಯಲ್ಲಿದ್ದು, ಅಕ್ಕಪಕ್ಕದ ಬಾಗಿಲಿನ ಹೆಸರೂ ತಿಳಿಯದೆ ಬದುಕುವವರಿಗೆ ಬೇಲಿ ಹಾರಿ ತರಕಾರಿ ಕದಿಯುವ ಸಲುಗೆ ಸಣ್ಣದಲ್ಲ. ಕದಿಯಲು ಪರಿಚಯವಿರಬೇಕು, ಕದ್ದದ್ದು ಪರಿಚಯವನ್ನು ಬೆಳೆಸಬೇಕು.

ಸಮಾಜಶಾಸ್ತ್ರಜ್ಞ ಫೇ ಷಿಯಾವೋತೊಂಗ್ 1940ರ ದಶಕದಲ್ಲೇ ಚೀನೀ ಸಮಾಜವನ್ನು ಕೊಳಕ್ಕೆ ಎಸೆದ ಕಲ್ಲಿನ ಅಲೆಗಳಿಗೆ ಹೋಲಿಸಿದ್ದರು. ಪ್ರತಿಯೊಬ್ಬನೂ ತನ್ನ ಅಲೆಗಳ ನಡುವೆ ಇರುತ್ತಾನೆ. ಹತ್ತಿರದವರಿಗೆ ಒಂದು ನಡೆ, ದೂರದವರಿಗೆ ಇನ್ನೊಂದು. ಕೈಶಿನ್ ಕಾಲದಲ್ಲಿ ಈ ಅಲೆಗಳು ಅಷ್ಟಾಗಿ ಒಂದಕ್ಕೊಂದು ಡಿಕ್ಕಿ ಹೊಡೆಯಲಿಲ್ಲ. ಆ ತೊಡಕು ಬಂದದ್ದು ಮೊಬೈಲ್ ಸಂದೇಶ ಸೇವೆ ವೀಚಾಟ್‌ನಿಂದ.

ನಡುವೆ ಕೆಲವು ವರ್ಷ, 2009ರಲ್ಲಿ ಶುರುವಾದ ವೇಯ್‌ಬೋದ ಅಬ್ಬರವಿತ್ತು. ಅದು ಸುದ್ದಿಯ ಸಂತೆ, ಅಪರಿಚಿತರ ಜಾಗ. 2011ರ ಜನವರಿಯಲ್ಲಿ ಬಂದ ವೀಚಾಟ್ ಮತ್ತೆ ಪರಿಚಿತರನ್ನು ಕೂಡಿಸಿತು. ಮರುವರ್ಷ ‘ಗೆಳೆಯರ ವಲಯ’ ಎಂಬ ಪುಟವೂ ಸೇರಿತು. ಆದರೆ ವಿಸಿಟಿಂಗ್ ಕಾರ್ಡ್ ಕೊಡುವ ಬದಲು ಕ್ಯೂಆರ್ ಕೋಡ್ ತೋರಿಸುವ ರೂಢಿ ಬಂದಾಗ ಅತ್ತೆ, ಹಳೆಯ ಸಹಪಾಠಿ, ಗ್ರಾಹಕ, ಮೇಲಧಿಕಾರಿ ಎಲ್ಲರೂ ಒಂದೇ ಪಟ್ಟಿಯಲ್ಲಿ ಬಂದು ಕೂತರು. ಕಂಪನಿಯ ಜಾಹೀರಾತನ್ನು ಸ್ವಂತ ಪುಟದಲ್ಲಿ ಹಾಕಿ ಎಂಬ ಸೂಚನೆಯೂ ಬರತೊಡಗಿತು. ಮೇಲಧಿಕಾರಿ ಗುಂಪಿನಲ್ಲಿ ಏನಾದರೂ ಬರೆದರೆ ಕೆಳಗೆ ಸಾಲಾಗಿ ‘ಶೌದಾವ್’, ‘ಶೌದಾವ್’ ಎಂಬ ಉತ್ತರ. ‘ತಲುಪಿತು’ ಎಂದಷ್ಟೇ ಅದರರ್ಥ. ಭಾನುವಾರ ಸಂಜೆ ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಅದನ್ನು ಒತ್ತಲೇಬೇಕು.

ನೌಕರರು ಇದಕ್ಕೆ ತಮ್ಮದೇ ಬೇಲಿಗಳನ್ನು ಕಟ್ಟಿಕೊಂಡರು. ಪರಿಚಿತರನ್ನು ಗುಂಪು ಮಾಡಿ, ಯಾವ ಚಿತ್ರ ಯಾರಿಗೆ ಕಾಣಬೇಕೆಂದು ಆರಿಸುತ್ತಾರೆ. ರಾತ್ರಿ ಹತ್ತಕ್ಕೆ ಕಚೇರಿಯ ಕಿಟಕಿಯ ಚಿತ್ರ ಮೇಲಧಿಕಾರಿಗೆ ಮಾತ್ರ, ಪ್ರವಾಸದ ಚಿತ್ರ ಅವರೊಬ್ಬರನ್ನು ಬಿಟ್ಟು ಉಳಿದವರಿಗೆ. ಹಳೆಯ ಬರಹಗಳು ಮೂರು ದಿನದ ನಂತರ ಇತರರಿಗೆ ಕಾಣದಂತೆ ಮಾಡುವ ಸೌಲಭ್ಯವೂ ಇದೆ. 10 ಕೋಟಿಗೂ ಹೆಚ್ಚು ಜನ ಅದನ್ನು ಆರಿಸಿಕೊಂಡಿದ್ದಾರೆ ಎಂದು ವೀಚಾಟ್‌ನ ಜನಕ ಝಾಂಗ್ ಷಿಯಾವೊಲೊಂಗ್ 2019ರಲ್ಲಿ ಹೇಳಿದರು. ಬೆರೆಯಲೆಂದು ಕಟ್ಟಿದ ಜಾಗದಲ್ಲಿ ಇಷ್ಟೊಂದು ಮಂದಿ ತಮ್ಮನ್ನು ಮರೆಮಾಡಿಕೊಳ್ಳಬೇಕಾಗಿ ಬಂದದ್ದು ನಿಜಕ್ಕೂ ನೋವಿನ ಸಂಗತಿ.

ಆದರೂ ವೀಚಾಟ್‌ನಲ್ಲಿ ಸಂದೇಶ ಓದಿದ್ದು ಕಳಿಸಿದವರಿಗೆ ತಿಳಿಯುವುದಿಲ್ಲ. ಆ ಒಂದು ಸಣ್ಣ ಮರೆಯಾದರೂ ಅಲ್ಲಿ ಉಳಿದಿದೆ. ಅಲಿಬಾಬಾ ಸಂಸ್ಥೆ ಕಂಪನಿಗಳ ಬಳಕೆಗೆಂದು ತಂದ ಸಂದೇಶ ಸೇವೆ ಡಿಂಗ್‌ಟಾಕ್‌ನಲ್ಲಿ ಅದೂ ಇಲ್ಲ: ಯಾರು ಓದಿದರು, ಯಾರು ಓದಿಲ್ಲ ಎಂಬುದು ಹೆಸರಿನ ಸಮೇತ ಕಾಣುತ್ತದೆ. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಯುವ ‘996’ ಪದ್ಧತಿಯ ವಿರುದ್ಧ 2019ರಲ್ಲಿ ಸಾಫ್ಟ್‌ವೇರ್ ನೌಕರರು ದನಿ ಎತ್ತಿದಾಗ ಈ ಕಿರಿಕಿರಿಯೂ ಅದರ ಹಿನ್ನೆಲೆಯಲ್ಲಿತ್ತು. ಮುಂದೆ ಬೀಜಿಂಗ್‌ನ ನ್ಯಾಯಾಲಯವೊಂದು, ಬಿಡುವಿನ ವೇಳೆಯಲ್ಲಿ ಮೊಬೈಲ್ ಸಂದೇಶಗಳ ಮೂಲಕ ಪದೇ ಪದೇ ಮಾಡಿಸಿದ ಕೆಲಸವೂ ದುಡಿಮೆಯೇ ಎಂದು ಒಪ್ಪಿ, ನೌಕರರೊಬ್ಬರಿಗೆ 30,000 ಯುವಾನ್ ಕೊಡಬೇಕೆಂದು ಕಂಪನಿಗೆ ಆದೇಶಿಸಿತು.