ಸಂಚು ಕೇಟ್ಸ್‌ಬಿಯದು, ಹೆಸರು ಗೈ ಫಾಕ್ಸ್‌ನದು

ನವೆಂಬರ್ 5ರ ರಾತ್ರಿ ಇಂಗ್ಲೆಂಡಿನ ಹಲವೆಡೆ ಪಟಾಕಿ ಸಿಡಿಸಿ, ಗೈ ಫಾಕ್ಸ್‌ನ ಬೊಂಬೆಯನ್ನು ಸುಡುವ ರೂಢಿಯಿದೆ. 1605ರಲ್ಲಿ ಲಂಡನ್ನಿನ ಸಂಸತ್ ಭವನವನ್ನು ದೊರೆಯ ಸಮೇತ ಉಡಾಯಿಸಲು ಹೊರಟು ಸಿಕ್ಕಿಬಿದ್ದವನು ಈತ. ಆದರೆ ಸಂಚಿನ ಮುಂದಾಳು ರಾಬರ್ಟ್ ಕೇಟ್ಸ್‌ಬಿ. ಹಾಗಾದರೆ ಫಾಕ್ಸ್ ಅಲ್ಲಿಗೆ ಬಂದದ್ದು ಹೇಗೆ?

ಫಾಕ್ಸ್ ಹುಟ್ಟಿದ್ದು 1570ರಲ್ಲಿ, ಯಾರ್ಕ್ ನಗರದಲ್ಲಿ. ಪ್ರಾಟೆಸ್ಟೆಂಟ್ ತಂದೆ ಬೇಗ ತೀರಿಕೊಂಡ. ತಾಯಿ ಕ್ಯಾಥೊಲಿಕ್ ಒಬ್ಬನನ್ನು ಮರುಮದುವೆಯಾದಳು. ಬೆಳೆಯುತ್ತ ಫಾಕ್ಸ್‌ ಕೂಡ ಕ್ಯಾಥೊಲಿಕ್ ಆದ. ಅಂದು ಇದು ಕೇವಲ ಪೂಜಾವಿಧಾನದ ಮಾತಾಗಿರಲಿಲ್ಲ. ಇಂಗ್ಲೆಂಡಿನ ಚರ್ಚಿಗೆ ದೊರೆಯೇ ಮುಖ್ಯಸ್ಥ; ಆದ್ದರಿಂದ ರೋಮಿನ ಪೋಪ್‌ಗೆ ತೋರುವ ನಿಷ್ಠೆ ರಾಜದ್ರೋಹದಂತೆ ಕಾಣುತ್ತಿತ್ತು. ಸರ್ಕಾರಿ ಚರ್ಚಿಗೆ ಹೋಗದವರಿಗೆ 1581ರ ಕಾನೂನು ತಿಂಗಳಿಗೆ 20 ಪೌಂಡ್ ದಂಡ ವಿಧಿಸಿತ್ತು. ಸ್ಥಿತಿವಂತರೂ ಸೋತುಹೋಗುವ ಮೊತ್ತವದು.

ಫಾಕ್ಸ್ ತಂದೆಯ ಆಸ್ತಿ ಮಾರಿ ನೆದರ್ಲೆಂಡ್ಸ್‌ಗೆ ಹೋಗಿ, ಕ್ಯಾಥೊಲಿಕ್ ಸ್ಪೇನಿನ ಸೈನ್ಯ ಸೇರಿದ. 1603ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದಾಗ ಕ್ಯಾಥೊಲಿಕರು ಸಡಿಲಿಕೆಯ ನಿರೀಕ್ಷೆಯಲ್ಲಿದ್ದರು, ಅದು ಈಡೇರಲಿಲ್ಲ. ಮರುವರ್ಷ ಸ್ಪೇನ್ ಇಂಗ್ಲೆಂಡಿನೊಡನೆ ಶಾಂತಿ ಮಾಡಿಕೊಂಡಿತು. ಹೊರಗಿನ ನೆರವಿನ ದಾರಿಯೂ ಮುಚ್ಚಿತು. ಕೇಟ್ಸ್‌ಬಿಗೆ ಫಾಕ್ಸ್ ಬೇಕಾದದ್ದು ಎರಡು ಕಾರಣಕ್ಕೆ: ಅವನಿಗೆ ಸಿಡಿಮದ್ದಿನ ಅರಿವಿತ್ತು, ಲಂಡನ್ನಿನಲ್ಲಿ ಅವನ ಮುಖ ಯಾರಿಗೂ ಗೊತ್ತಿರಲಿಲ್ಲ. ಜಾನ್ ಜಾನ್ಸನ್ ಎಂಬ ಸುಳ್ಳು ಹೆಸರಿನಲ್ಲಿ ಸಂಚುಗಾರನೊಬ್ಬನ ಸೇವಕನಾಗಿ ಅವನು ಅಲ್ಲಿ ನೆಲೆಯೂರಿದ.

ಪ್ರಭುಗಳ ಸಭೆ ಸೇರುವ ಕೋಣೆಯ ಅಡಿಯಲ್ಲೇ ಬಾಡಿಗೆಗೆ ಹಿಡಿದ ಉಗ್ರಾಣದಲ್ಲಿ 36 ಪೀಪಾಯಿ ಸಿಡಿಮದ್ದು ಪೇರಿಸಿ, ಮೇಲೆ ಸೌದೆ ಮುಚ್ಚಿದರು. ಆದರೆ ದೊರೆಯನ್ನು ಕೊಂದರಷ್ಟೇ ಸಾಲದು, ಆಮೇಲೆ ಅಧಿಕಾರ ಹಿಡಿಯಬೇಕು. ಅದಕ್ಕಾಗಿ ರಾಜಕುಮಾರಿ ಎಲಿಜಬೆತ್‌ಳನ್ನು ವಶಕ್ಕೆ ಪಡೆದು ಪಟ್ಟಕ್ಕೇರಿಸುವ, ಮಧ್ಯ ಇಂಗ್ಲೆಂಡಿನಲ್ಲಿ ದಂಗೆ ಎಬ್ಬಿಸುವ ಯೋಜನೆಯಿತ್ತು. ಇದಕ್ಕೆ ಹಣ, ಕುದುರೆ, ಆಯುಧ ಬೇಕು. ಅಂದರೆ ಇನ್ನಷ್ಟು ಜನ ಬೇಕು. ಅಷ್ಟರಲ್ಲಿ ಪ್ಲೇಗಿನಿಂದಾಗಿ ಅಧಿವೇಶನ ಮುಂದಕ್ಕೆ ಹೋಯಿತು. ಐವರಲ್ಲಿದ್ದ ಗುಟ್ಟು ಹದಿಮೂರು ಮಂದಿಗೆ ಹಬ್ಬಿತು.

ಸಂಚಿನ ದೌರ್ಬಲ್ಯ ಇಲ್ಲೇ ಇತ್ತು. ಸಿಡಿಮದ್ದು ಧರ್ಮ ನೋಡಿ ಕೊಲ್ಲುವುದಿಲ್ಲ. ಸಭೆಯಲ್ಲಿ ಕೂರುವ ಕ್ಯಾಥೊಲಿಕ್ ಪ್ರಭುಗಳೂ ಸಾಯುತ್ತಿದ್ದರು. ಅವರಲ್ಲಿ ಸಂಚುಗಾರರ ನೆಂಟರೂ ಇದ್ದರು. ಅಕ್ಟೋಬರ್ 26ರಂದು ಮಾಂಟೀಗಲ್ ಎಂಬ ಪ್ರಭುವಿಗೆ, ಸಂಸತ್ತಿಗೆ ಹೋಗಬೇಡಿ ಎಂದು ಎಚ್ಚರಿಸುವ ಹೆಸರಿಲ್ಲದ ಪತ್ರ ಬಂತು. ಅವನು ಅದನ್ನು ಸರ್ಕಾರಕ್ಕೆ ಒಪ್ಪಿಸಿದ. ನವೆಂಬರ್ 4ರ ನಡುರಾತ್ರಿಯ ಹೊತ್ತಿಗೆ ಫಾಕ್ಸ್ ಉಗ್ರಾಣದ ಬಳಿಯೇ ಸೆರೆಸಿಕ್ಕ. ಮೊದಲು ಬಾಯಿಬಿಡದವನು ಚಿತ್ರಹಿಂಸೆಯ ನಂತರ ತಪ್ಪೊಪ್ಪಿಕೊಂಡ. ಕೇಟ್ಸ್‌ಬಿ ಗುಂಡೇಟಿಗೆ ಸತ್ತ. ಫಾಕ್ಸ್‌ನನ್ನು 1606ರ ಜನವರಿ 31ರಂದು ಗಲ್ಲಿಗೇರಿಸಿದರು.

ಮುಂದೆ ಬಂದ ಕಾನೂನುಗಳು ಸರ್ಕಾರಿ ಚರ್ಚಿಗೆ ಬಾರದ ಕ್ಯಾಥೊಲಿಕರಿಗೆ ವಕೀಲಿ, ವೈದ್ಯಕೀಯ ವೃತ್ತಿಗಳ ಬಾಗಿಲು ಮುಚ್ಚಿದವು. ನವೆಂಬರ್ 5ರಂದು ಚರ್ಚುಗಳಲ್ಲಿ ಕೃತಜ್ಞತಾ ಪ್ರಾರ್ಥನೆ ಕಡ್ಡಾಯವಾಗಿ, 1859ರವರೆಗೂ ಉಳಿಯಿತು. ಹೀಗೆ ಸಂಚಿನ ನೆನಪು ವರ್ಷವರ್ಷವೂ ಹಸಿಯಾಯಿತು.

ಸಾವಿರಾರು ಕ್ಯಾಥೊಲಿಕರಿಗೆ ಈ ಸಂಚಿನ ಸುಳಿವೇ ಇರಲಿಲ್ಲ. ಆದರೂ ಅವರ ಹೆಸರಿನಲ್ಲಿ ಹೊರಟ ಹದಿಮೂರು ಮಂದಿ, ಅವರನ್ನು ಅನುಮಾನಿಸುತ್ತಿದ್ದವರ ಕೈಗೆ ಬೇಕಾದ ಸಾಕ್ಷಿಯನ್ನೇ ಕೊಟ್ಟರು. ತಪ್ಪಿತಸ್ಥರನ್ನು ಶಿಕ್ಷಿಸಲು ನ್ಯಾಯಾಲಯ ಸಾಕಾಗಿತ್ತು. ಇಡೀ ಸಮುದಾಯದ ಮೇಲೆ ಕಾನೂನು ಹೇರಿದ್ದು ಆಳುವವರ ಆಯ್ಕೆ. ಸಂಚಿನಷ್ಟೇ ಆ ಆಯ್ಕೆಯನ್ನೂ ಇತಿಹಾಸ ನೆನಪಿಡಬೇಕು.