ತಡೆದದ್ದನ್ನು ಎಣಿಸೋರು ಯಾರು?

1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಹಾಕಿ ಫೈನಲ್. ಭಾರತ, ದಕ್ಷಿಣ ಕೊರಿಯಾ 1–1 ಸಮ. ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಗೋಲ್‌ಕೀಪರ್, ಕರ್ನಾಟಕದ ಆಶಿಶ್ ಬಲ್ಲಾಳ್ ಎರಡು ಹೊಡೆತ ತಡೆದ್ರು. 32 ವರ್ಷದ ಮೇಲೆ ಚಿನ್ನ ಬಂತು. ಮುಂದಿನ ಸರಣಿಗೇ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರನ್ನು ಕೈಬಿಟ್ಟರು. ಧನರಾಜ್ ಹೆಸರು ನಿಮಗೆ ಗೊತ್ತು. ಬಲ್ಲಾಳ್? ಬಾಜೂ ಡೆಸ್ಕಿನವರನ್ನ ಕೇಳಿ ನೋಡ್ರಿ.

ಮ್ಯಾನುಯೆಲ್ ಫ್ರೆಡರಿಕ್ ಕಥೆ ಇನ್ನೂ ಕೆಟ್ಟದ್ದು. ಕಣ್ಣೂರಿನವರು, ಬೆಂಗಳೂರಲ್ಲೇ ನೆಲೆಸಿದವರು. ಹೆಲ್ಮೆಟ್ ಇಲ್ಲದ ಕಾಲದಲ್ಲಿ ಗೋಲಿನ ಮುಂದೆ ನಿಂತವರು. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ. 47 ವರ್ಷ!

'ಶ್ರೀಜೇಶ್ ಇದ್ದಾರಲ್ಲ, 16ನೇ ನಂಬರ್ ಜರ್ಸಿಯನ್ನೇ ನಿವೃತ್ತಿ ಮಾಡಿದ್ರಲ್ಲ' ಅಂತೀರಿ. ಖರೇನೇ. ಆದ್ರೆ ನಮಗೆ ನೆನಪಿರೋದು ಟೋಕಿಯೊದಲ್ಲಿ ಜರ್ಮನಿ ವಿರುದ್ಧ ಕೊನೇ ಸೆಕೆಂಡುಗಳಲ್ಲಿ ತಡೆದ ಒಂದು ಪೆನಾಲ್ಟಿ ಕಾರ್ನರ್. ಅದೇ ಪಂದ್ಯದ ಎರಡನೇ ಕ್ವಾರ್ಟರ್‌ನಲ್ಲಿ ತಡೆದದ್ದು ಯಾರಿಗೆ ಬೇಕು?

ಕೆನಡಾ, ಅಮೆರಿಕದ ಐಸ್ ಹಾಕಿಯವರು ಈ ವಿಷಯದಲ್ಲಿ ನಮಗಿಂತ ಶಾಣ್ಯಾರು. ಎನ್‌ಎಚ್‌ಎಲ್‌ನಲ್ಲಿ ಗೋಲಿಗೆ ಎಷ್ಟು ಹೊಡೆತ ಬಂದವು, ಎಷ್ಟು ತಡೆದ ಅಂತ ಶೇಕಡಾ ಲೆಕ್ಕ ಇಡ್ತಾರೆ. ಸೋತ ಪಂದ್ಯದಲ್ಲೂ ಗೋಲಿಯ ದುಡಿಮೆ ಕಾಗದದ ಮೇಲೆ ಉಳೀತದ. ಕ್ಷಯದಿಂದ ತೀರಿಕೊಂಡ ಮಾಂಟ್ರಿಯಲ್‌ನ ಗೋಲಿ ಜಾರ್ಜಸ್ ವೆಜಿನಾ ಹೆಸರಲ್ಲಿ ಗೋಲಿಗಳಿಗಾಗಿಯೇ 1927ರಿಂದ ಟ್ರೋಫಿ ಕೊಡ್ತಿದ್ದಾರೆ. ಅವರೇನು ಸಂತರಲ್ಲ. 1959ರಲ್ಲಿ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿದು ರಕ್ತ ಸುರಿದಾಗ, ಮುಖವಾಡ ಹಾಕದೆ ವಾಪಸ್ ಇಳಿಯೋದಿಲ್ಲ ಅಂತ ಹಟ ಹಿಡೀಬೇಕಾಯ್ತು. ಕೋಚ್‌ಗೆ ಅದು ಬೇಡವಾಗಿತ್ತು. ಆದ್ರೂ ತಡೆಯೋದೂ ಒಂದು ಕೆಲಸ ಅಂತ ಒಪ್ಪಿ ಎಣಿಸಿದ್ರು.

ನಮ್ಮಲ್ಲಿ ಎಣಿಕೆ ಉಲ್ಟಾ. ನಮ್ಮ ಹೊಳೆಮಣ್ಣೂರಿಗೆ ಮಲಪ್ರಭಾ ನುಗ್ಗಿದಾಗ ಬಿದ್ದ ಮನೆಗಳ ಪಟ್ಟಿ ಆಗ್ತದ, ಸಾಹೇಬ್ರು ಬರ್ತಾರ, ಫೋಟೋ ಆಗ್ತಾವ. ರಾತ್ರಿ ಬ್ಯಾಟರಿ ಹಿಡಿದು ಹೊಳಿ ನೀರು ಎಲ್ಲೀಮಟ ಬಂತು ಅಂತ ನೋಡಿ, ಮಂದಿ ಎಬ್ಬಿಸಿ, ದನ ಬಿಚ್ಚಿಸಿದವರ ಪಟ್ಟಿ ಯಾರೂ ಮಾಡೋದಿಲ್ಲ. ಸಾಯದ ದನಕ್ಕೆ ಪಂಚನಾಮೆ ಎಲ್ಲೈತ್ರಿ?

ನಮ್ಮ ಐಟಿ ಕಂಪನಿಗಳಂತೂ ಬಿಡಿ. ಹೊಸ ಫೀಚರ್ ಬಿಟ್ಟವನಿಗೆ ಟೌನ್‌ಹಾಲ್‌ನಲ್ಲಿ ಚಪ್ಪಾಳೆ. ಶುಕ್ರವಾರ ಸಂಜೆ 'ಈ ಕೋಡ್ ಪ್ರೊಡಕ್ಷನ್‌ಗೆ ಹೋಗಬಾರದು' ಅಂತ ಅಡ್ಡ ನಿಂತವಳಿಗೆ 'ನೆಗೆಟಿವ್ ಆಟಿಟ್ಯೂಡ್' ಅನ್ನೋ ಹಣೆಪಟ್ಟಿ. ಇಡೀ ವರ್ಷ ಸರ್ವರ್ ಬೀಳಲಿಲ್ಲ ಅಂದ್ರೆ 'ಈ ಟೀಮಿಗೆ ಇಷ್ಟು ಮಂದಿ ಯಾಕೆ?' ಅಂತ ಪ್ರಶ್ನೆ. ಒಮ್ಮೆ ಬಿದ್ರೆ ಮಾತ್ರ ಬೆಳಗ್ಗೆ ಏಳಕ್ಕೇ ಮೀಟಿಂಗು, ಎಲ್ಲರಿಗೂ ಆಕೆಯ ಹೆಸರು ಬಾಯಿಪಾಠ.

'ಆಗದೇ ಇದ್ದದ್ದನ್ನ ಹೆಂಗ ಅಳೀತೀರಿ?' ಅಂತ ಮ್ಯಾನೇಜರ್‌ಗಳು ಕೇಳ್ತಾರೆ. ಅಲ್ರೀ, ನಿಲ್ಲಿಸಿದ ರಿಲೀಸ್, ರಿವ್ಯೂನಲ್ಲಿ ಹಿಡಿದ ಬಗ್, ರಾತ್ರಿ ಎರಡಕ್ಕೆ ಎದ್ದು ಆರಿಸಿದ ಅಲಾರ್ಮ್, ಎಲ್ಲದಕ್ಕೂ ಟಿಕೆಟ್ ನಂಬರ್ ಇರ್ತದ. ಈ ಸಲ ಅಪ್ರೈಸಲ್ ಫಾರ್ಮ್ ಬಂದಾಗ ಆ ನಂಬರ್‌ಗಳನ್ನೇ ಮೊದಲು ಬರೀರಿ. ಕಾಲಂ ಇಲ್ಲದಿದ್ರೆ ಮಾರ್ಜಿನ್‌ನಲ್ಲಿ ಬರೀರಿ.